ಕಾಸರಗೋಡಿನ ಮಣ್ಣಿನಲ್ಲಿ ಹುಟ್ಟಿದ ಮಹನೀಯ: ಕುದ್ಮುಲ್ ರಂಗರಾಯರು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭಾವಸರದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದರು. ಶಾಲೆಯ ಇತಿಹಾಸವನ್ನು ಬರೆಯುವ ಹೊಣೆಯನ್ನು ನನಗಿಂತ ಸಮರ್ಥರು ಹೊತ್ತಿದ್ದಾರೆ. ಆದುದರಿಂದ ನಾನು ಒಬ್ಬ ಮಹನೀಯರ ಜೀವನವೃತ್ತಾಂತವನ್ನು ಆರಿಸಿಕೊಂಡಿದ್ದೇನೆ. ಅವರು ನಮ್ಮ ಕಾಸರಗೋಡಿನಲ್ಲೇ ಹುಟ್ಟಿದವರು. ಶಾಲೆಯ ಬಾಗಿಲೇ ಮುಚ್ಚಿದ್ದ ಮಕ್ಕಳಿಗಾಗಿ, ತಮ್ಮದೆಂದು ಹೇಳಿಕೊಳ್ಳಲು ಅಂಗೈಯಗಲ ನೆಲವೂ ಇಲ್ಲದ ಮನೆತನಗಳ ಮಕ್ಕಳಿಗಾಗಿ ಆಯುಷ್ಯವನ್ನೇ ತೇದವರು. ಮಂಗಳೂರಿಗೆ ಹೋದವರೆಲ್ಲ ಅಲ್ಲಿನ ಪುರಭವನದ ಮೇಲೆ ಅವರ ಹೆಸರನ್ನು ಓದಿರುತ್ತಾರೆ. ಆದರೆ ಕುದ್ಮುಲ್ ರಂಗರಾಯರು ಯಾರು, ಅವರು ಮಾಡಿದ್ದೇನು ಎಂದು ನಮ್ಮೂರಿನ ಮಕ್ಕಳನ್ನು ಕೇಳಿದರೆ ಉತ್ತರ ಹೇಳುವವರು ವಿರಳ. ಆ ಕೊರತೆಯನ್ನು ಅಲ್ಪಮಟ್ಟಿಗಾದರೂ ತುಂಬುವುದು ಈ ಬರಹದ ಉದ್ದೇಶ.

ಜನನ ಮತ್ತು ಬಾಲ್ಯ

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನವೊಂದರಲ್ಲಿ ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಅಂದು ಕಾಸರಗೋಡು ಮದರಾಸು ಪ್ರಾಂತದ ಕೆನರಾ ಸೀಮೆಗೆ ಸೇರಿತ್ತು. ಮಂಗಳೂರು, ಉಡುಪಿ, ಕುಂದಾಪುರಗಳಿಗೂ ನಮಗೂ ನಡುವೆ ಯಾವ ಗಡಿಯೂ ಇರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ತಲೆಮಾರುಗಳಿಗೆ ಈ ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ರಂಗರಾಯರ ಕೀರ್ತಿ ಮಂಗಳೂರಿನಲ್ಲಿ ಬೆಳೆಯಿತು, ನಿಜ. ಆದರೆ ಅದರ ಬೇರು ಇರುವುದು ಚಂದ್ರಗಿರಿ ಹೊಳೆಯ ಈ ಸೀಮೆಯಲ್ಲಿ.

ಕಾಸರಗೋಡಿನಲ್ಲಿ ಆರಂಭದ ವಿದ್ಯಾಭ್ಯಾಸ ಮುಗಿಸಿದ ಬಾಲಕನಿಗೆ ಹದಿಹರೆಯದಲ್ಲೇ ಪಿತೃವಿಯೋಗವಾಯಿತು. ಸಂಸಾರದ ಭಾರ ಹೆಗಲಿಗೆ ಬಿತ್ತು. ಓದು ಮುಂದುವರಿಸಬೇಕೆಂಬ ಹಂಬಲ ಒಂದು ಕಡೆ, ಹೊಟ್ಟೆಪಾಡಿನ ಚಿಂತೆ ಇನ್ನೊಂದು ಕಡೆ. ಎರಡಕ್ಕೂ ದಾರಿ ಮಂಗಳೂರು ಎಂದು ಅವರು ಅತ್ತ ನಡೆದರು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅವರು ಹೋದ ಕಾಲದಲ್ಲಿ ಐವತ್ತು ಕಿಲೋಮೀಟರಿನ ಆ ದಾರಿ ಹೊಳೆಗಳನ್ನು ದೋಣಿಯಲ್ಲಿ ದಾಟಿ, ಕಡಲ ಬದಿಯಲ್ಲಿ ನಡೆದು ಸವೆಸಬೇಕಾದ ದಾರಿ. ಮಂಗಳೂರಿನಲ್ಲಿ ಅವರು ಮೊದಲು ಕೈಗೊಂಡದ್ದು ಶಾಲಾ ಮಾಸ್ತರಿಕೆ. ಸ್ವಲ್ಪ ಸಂಬಳದಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ತಾವೇ ಓದುತ್ತ ಮೆಟ್ರಿಕ್ಯುಲೇಷನ್ ತೇರ್ಗಡೆಯಾದರು. ಅನಂತರ ಪ್ಲೀಡರ್ ಪರೀಕ್ಷೆ ಕಟ್ಟಿ ವಕೀಲರಾದರು. ಬಡವರ ವಕೀಲರೆಂದು ಹೆಸರಾದರು. ಅಧ್ಯಾಪಕನಾಗಿ ವೃತ್ತಿಜೀವನವನ್ನು ಆರಂಭಿಸಿದ ವ್ಯಕ್ತಿ ಕರಿಯ ಕೋಟು ತೊಟ್ಟ ಮೇಲೂ ಅಧ್ಯಾಪಕನಾಗಿಯೇ ಉಳಿದರೆಂಬುದಕ್ಕೆ ಅವರ ಮುಂದಿನ ಬಾಳು ಸಾಕ್ಷಿ.

ಆ ಕಾಲದ ಮಂಗಳೂರಿನಲ್ಲಿ ಹೊಸ ಗಾಳಿ ಬೀಸುತ್ತಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲೇ ಬಂದು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದ್ದರು. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಆರಂಭವಾಗಿತ್ತು. ಅದರ ಮುಂದಾಳಾಗಿದ್ದ ಉಳ್ಳಾಲ ರಘುನಾಥಯ್ಯನವರ ಪ್ರಭಾವ ರಂಗರಾಯರ ಮೇಲೆ ಆಳವಾಗಿ ಬಿತ್ತು. ಜಾತಿಭೇದವನ್ನು ಒಪ್ಪದ, ವಿಧವಾ ವಿವಾಹವನ್ನೂ ಸ್ತ್ರೀ ವಿದ್ಯಾಭ್ಯಾಸವನ್ನೂ ಎತ್ತಿಹಿಡಿಯುವ ಆ ಸಮಾಜವನ್ನು ಅವರು ಸೇರಿದರು. ಅಂದಿನ ದಿನಗಳಲ್ಲಿ ಒಬ್ಬ ಬ್ರಾಹ್ಮಣ ಗೃಹಸ್ಥನು ಹೀಗೆ ಮಾಡುವುದೆಂದರೆ ನೆಂಟರಿಷ್ಟರ ಪಂಕ್ತಿಯಿಂದ ತಾನಾಗಿಯೇ ಎದ್ದು ಹೊರಗೆ ಬಂದಂತೆ.

ಅಂದಿನ ಸ್ಥಿತಿ

ರಂಗರಾಯರ ಕಾರ್ಯದ ಬೆಲೆ ತಿಳಿಯಬೇಕಾದರೆ ಅಂದಿನ ನಮ್ಮ ಜಿಲ್ಲೆಯ ಸ್ಥಿತಿಯನ್ನು ತಿಳಿಯಬೇಕು. ಭೂಮಿ ವರ್ಗದಾರರದು. ಅವರ ಕೆಳಗೆ ಮೂಲಗೇಣಿ, ಚಾಲಗೇಣಿ ಒಕ್ಕಲುಗಳು. ಎಲ್ಲರಿಗಿಂತ ಕೆಳಗೆ, ಗದ್ದೆಯ ಕೆಸರಿನಲ್ಲಿ ನಿಜವಾಗಿ ದುಡಿಯುತ್ತಿದ್ದವರು ಮೂಲದಾಳುಗಳು. ಗುಲಾಮಗಿರಿಯನ್ನು ಕಾನೂನು 1843ರಲ್ಲೇ ರದ್ದುಮಾಡಿತ್ತು. ಆದರೆ ಕಾನೂನಿನ ಕಾಗದ ಗದ್ದೆಯ ಬದುವಿನ ತನಕ ಬರಲಿಲ್ಲ. ದಣಿಗಳ ಜಾಗದ ಮೂಲೆಯಲ್ಲಿ ಹುಲ್ಲೋ ತೆಂಗಿನ ಗರಿಯೋ ಹೊದಿಸಿದ ಗುಡಿಸಲು ಹಾಕಿಕೊಂಡು ಆ ಕುಟುಂಬಗಳು ಬಾಳುತ್ತಿದ್ದವು. ಕೊರಗರಂತೂ ಊರ ಹೊರಗಿನ ಕಾಡಂಚಿನಲ್ಲಿ ಸೊಪ್ಪಿನ ಕೊಪ್ಪಗಳಲ್ಲಿ ಬುಟ್ಟಿ ಹೆಣೆದು ಜೀವಿಸುತ್ತಿದ್ದರು. ಗುಡಿಸಲು ನಿಂತ ನೆಲ ಅವರದಲ್ಲ. ದಣಿಗಳು ಮುನಿದರೆ ಸಂಜೆಯೊಳಗೆ ಗುಡಿಸಲು ಕಿತ್ತು ನಡೆಯಬೇಕು.

ಇಲ್ಲಿ ಒಂದು ಅಂಶವನ್ನು ಓದುಗರು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಅಸ್ಪೃಶ್ಯತೆಯ ಕಾರಣದಿಂದ ಆ ಮಕ್ಕಳಿಗೆ ಶಾಲೆಯಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನು ನಾವೆಲ್ಲ ಬಲ್ಲೆವು. ಅದು ಅರ್ಧ ಸತ್ಯ. ಉಳಿದ ಅರ್ಧ ಏನೆಂದರೆ, ಶಾಲೆಯ ಬಾಗಿಲು ತೆರೆದಿದ್ದರೂ ಅವರು ಬರುವಂತಿರಲಿಲ್ಲ. ದನ ಮೇಯಿಸುವ, ಸೊಪ್ಪು ಹೊರುವ ಹುಡುಗನನ್ನು ತಂದೆ ಶಾಲೆಗೆ ಕಳುಹಿಸಿದರೆ ದಣಿಗಳ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಗುಡಿಸಲು ಹೋಗುತ್ತದೆ. ಸೂರು ಅನ್ಯರ ಕೈಯಲ್ಲಿರುವ ತನಕ ವಿದ್ಯೆಯೂ ಅನ್ಯರ ಕೈಯಲ್ಲೇ ಇರುತ್ತದೆ. ಈ ಗಂಟನ್ನು ಕಣ್ಣಾರೆ ಕಂಡು, ಅದನ್ನು ಎರಡೂ ತುದಿಗಳಿಂದ ಬಿಡಿಸಲು ಹೊರಟವರು ರಂಗರಾಯರು.

ದಲಿತ ಯುವಕನೊಬ್ಬ ಕಷ್ಟಪಟ್ಟು ನಾಲ್ಕನೆಯ ತರಗತಿಯವರೆಗೆ ಓದಿ ಕಚೇರಿಯಲ್ಲಿ ಜವಾನನ ಕೆಲಸಕ್ಕೆ ಸೇರಿದಾಗ ಮೇಲುಜಾತಿಯ ನೌಕರರು ಪ್ರತಿಭಟಿಸಿದರೆಂದೂ, ಆ ಘಟನೆ ರಂಗರಾಯರ ಮನಸ್ಸನ್ನು ಕಲಕಿತೆಂದೂ ಮಂಗಳೂರಿನಲ್ಲಿ ಹಿರಿಯರು ಹೇಳುವುದುಂಟು. ಅವರ ಮನಸ್ಸನ್ನು ತಿರುಗಿಸಿದ್ದು ಒಂದೇ ಘಟನೆಯೋ, ಅಥವಾ ನ್ಯಾಯಾಲಯದ ಮೆಟ್ಟಿಲಲ್ಲಿ ದಿನವೂ ಕಂಡ ಬಡವರ ಗೋಳೋ, ಅಂತೂ ಮೂವತ್ತರ ಆಸುಪಾಸಿನಲ್ಲಿ ಅವರು ತಮ್ಮ ದಾರಿಯನ್ನು ನಿಶ್ಚಯಿಸಿಕೊಂಡರು.

ಮೊದಲ ಶಾಲೆ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಅವರು ಶಾಲೆಯನ್ನು ತೆರೆದರು. ಕಷ್ಟಗಳು ಮೊದಲ ದಿನದಿಂದಲೇ ಬಂದವು. ಜಾಗ ಕೊಡುವವರಿಲ್ಲ. ಕೊಟ್ಟವರೂ ನೆರೆಕರೆಯವರ ಒತ್ತಾಯಕ್ಕೆ ಹಿಂದೆಗೆದರು. ಪಾಠ ಹೇಳಲು ಸವರ್ಣ ಹಿಂದೂ ಅಧ್ಯಾಪಕರು ಒಪ್ಪಲಿಲ್ಲ. ಆಗ ಕ್ರೈಸ್ತ ಅಧ್ಯಾಪಕರನ್ನು ಗೊತ್ತುಮಾಡಿ ಪಾಠ ನಡೆಸಿದರು. ವಿರೋಧದ ಕಾರಣದಿಂದ ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬೇಕಾಯಿತು. ಮನೆಯಿಲ್ಲದವರ ಮಕ್ಕಳಿಗೆಂದು ತೆರೆದ ಶಾಲೆ ತಾನೇ ಮನೆಯಿಲ್ಲದೆ ಅಲೆಯಿತು. ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅದು ಭದ್ರವಾಗಿ ನೆಲೆಯೂರಿತು.

ಸ್ವಜನರ ಬಹಿಷ್ಕಾರವೂ ಕೂಡಿಬಂತು. ಪುರೋಹಿತರು ಮನೆಗೆ ಬರಲೊಲ್ಲರು, ಕ್ಷೌರಿಕರು ಬರಲೊಲ್ಲರು, ಮಂಗಲಕಾರ್ಯಗಳಿಗೆ ಕರೆಯಿಲ್ಲ. ಬೀದಿಯಲ್ಲಿ ನಡೆದರೆ ನಿಂದೆ, ಅಪಹಾಸ್ಯ. ಪತ್ನಿ ರುಕ್ಮಿಣಿಬಾಯಿಯವರೂ ಮಕ್ಕಳೂ ಈ ಕಷ್ಟದಲ್ಲಿ ಸಮಭಾಗಿಗಳಾದರು. ಕುಟುಂಬದ ಹಿರಿಯನೊಬ್ಬ ಆದರ್ಶವನ್ನು ಹಿಡಿದಾಗ ಅದರ ಬೆಲೆಯನ್ನು ಅಡುಗೆಮನೆಯಲ್ಲಿರುವವರು ಹೆಚ್ಚಾಗಿ ತೆರುತ್ತಾರೆ ಎಂಬುದನ್ನು ನಾವು ಮರೆಯಬಾರದು. ಆದರೂ ರಂಗರಾಯರು ಯಾರ ಮೇಲೂ ಹಗೆ ಸಾಧಿಸಿದವರಲ್ಲ. ವಕೀಲಿಯಿಂದ ಬಂದ ಹಣವನ್ನು ಶಾಲೆಗೆ ಸುರಿದರು. ಅದು ಸಾಲದೆ ಹೋದಾಗ ಚಂದಾ ಎತ್ತಲು ಮನೆಮನೆಯ ಮೆಟ್ಟಿಲು ಹತ್ತಿದರು.

1897ರಲ್ಲಿ ಈ ಕಾರ್ಯಕ್ಕೆ ಒಂದು ಸಂಸ್ಥೆಯ ರೂಪ ಕೊಟ್ಟರು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಇದರ ಪ್ರಾಚೀನತೆಯನ್ನು ನಾವು ಅಭಿಮಾನದಿಂದ ನೆನೆಯಬೇಕು. ಜಮಖಂಡಿಯಲ್ಲಿ ಹುಟ್ಟಿದ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇಂಥದೇ ಮಿಷನ್ನನ್ನು ಸ್ಥಾಪಿಸಿದ್ದು 1906ರಲ್ಲಿ. ಅಂದರೆ ಮಂಗಳೂರಿಗೆ ಒಂಬತ್ತು ವರ್ಷಗಳ ಅನಂತರ. ಗಾಂಧೀಜಿಯವರು ದಕ್ಷಿಣ ಆಫ್ರಿಕದಿಂದ ಭಾರತಕ್ಕೆ ಮರಳಿದ್ದು 1915ರಲ್ಲಿ. ಅದಕ್ಕೂ ಹದಿನೆಂಟು ವರ್ಷ ಮೊದಲೇ ಕಾಸರಗೋಡಿನಲ್ಲಿ ಹುಟ್ಟಿದ ಒಬ್ಬ ಮನುಷ್ಯ ಈ ಕೆಲಸವನ್ನು ಸಂಸ್ಥೆಯಾಗಿ ಕಟ್ಟಿ ನಿಲ್ಲಿಸಿದ್ದರು.

ಅನ್ನ, ಸೂರು, ಕಸುಬು

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಎಂಬುದು ಅಧ್ಯಾಪಕ ವೃತ್ತಿಯಲ್ಲಿದ್ದವರಿಗೆಲ್ಲ ತಿಳಿದ ವಿಷಯ. ಮಗು ಬಾರದಿರುವುದಕ್ಕೆ ಕಾರಣವೇನೆಂದು ಅದರ ಮನೆಯವರೆಗೆ ಹೋಗಿ ನೋಡುವವನೇ ನಿಜವಾದ ಅಧ್ಯಾಪಕ. ರಂಗರಾಯರು ಕೇರಿಗಳಿಗೆ ಹೋಗಿ ನೋಡಿದರು. ಮೊದಲು ಕಂಡದ್ದು ಹಸಿವು. ಅವರು ಮಕ್ಕಳಿಗೆ ಶಾಲೆಯಲ್ಲೇ ಮಧ್ಯಾಹ್ನದ ಊಟದ ಏರ್ಪಾಡು ಮಾಡಿದರು. ದುಡಿಯುವ ಹುಡುಗನನ್ನು ಶಾಲೆಗೆ ಕಳುಹಿಸಿದರೆ ತಂದೆತಾಯಿಗಳಿಗೆ ಆಗುವ ನಷ್ಟವನ್ನು ತುಂಬಲು ಹಾಜರಾದ ದಿನಗಳಿಗೆ ಕೆಲವು ಕಾಸುಗಳನ್ನೂ ಕೊಡತೊಡಗಿದರು. ಮದರಾಸು ನಗರಸಭೆ ತನ್ನ ಶಾಲೆಯಲ್ಲಿ ಊಟ ಕೊಡಲು ಆರಂಭಿಸಿದ್ದು 1920ರಲ್ಲಿ. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲೆಲ್ಲ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2001ರ ನವೆಂಬರಿನಲ್ಲಿ. ಇಂದು ನಮ್ಮ ಶಾಲೆಯ ಅಡುಗೆಕೋಣೆಯಿಂದ ಗಂಜಿಯ, ಸಾಂಬಾರಿನ ಪರಿಮಳ ಬರುವಾಗ ಈ ಹಿರಿಯರ ನೆನಪಾಗುವುದು ಉಚಿತ.

ಎರಡನೆಯದಾಗಿ ಕಂಡದ್ದು ಸೂರಿನ ಪ್ರಶ್ನೆ. ಈ ಬಗೆಗೆ ಆ ದಿನಗಳಲ್ಲಿ ಮದರಾಸು ಪ್ರಾಂತದಲ್ಲಿ ಒಂದು ಚರ್ಚೆ ನಡೆದಿತ್ತು. ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರರಾಗಿದ್ದ ಟ್ರೆಮೆನ್‌ಹೀರ್ ಎಂಬವರು ಪರಯರ ದುಃಸ್ಥಿತಿಯ ಕುರಿತು ವರದಿ ಸಲ್ಲಿಸಿ, ಮನೆಕಟ್ಟುವ ಜಾಗದ ಮೇಲೆ ಅವರಿಗೆ ಹಕ್ಕಿಲ್ಲದಿರುವುದೇ ಅವರ ದಾಸ್ಯಕ್ಕೆ ಒಂದು ಕಾರಣವೆಂದು ತೋರಿಸಿಕೊಟ್ಟರು. ಅದರ ಫಲವಾಗಿ 1892ರ ಸೆಪ್ಟೆಂಬರಿನಲ್ಲಿ ಸರಕಾರದ ಆಜ್ಞೆ ಹೊರಟಿತು. 1893ರಲ್ಲಿ ಪಂಚಮರ ವಿದ್ಯಾಭ್ಯಾಸದ ಬಗೆಗೆ ಇನ್ನೊಂದು ಆಜ್ಞೆ ಬಂತು. ರಂಗರಾಯರ ಮೊದಲ ಶಾಲೆಯೂ ಇದೇ ಕಾಲದ್ದು. ಸರಕಾರದ ಆಜ್ಞೆ ಕಚೇರಿಯ ಕಪಾಟಿನಲ್ಲಿ ಮಲಗಿದರೆ ಫಲವಿಲ್ಲ. ಅದನ್ನು ಎಬ್ಬಿಸಿ ನಡೆಸುವವರು ಬೇಕು. ಕಾನೂನು ಬಲ್ಲ ರಂಗರಾಯರು ಕಚೇರಿಗಳಿಗೆ ಅರ್ಜಿ ಬರೆದು, ಅಧಿಕಾರಿಗಳನ್ನು ಕಂಡು, ಮಂಗಳೂರಿನ ಸುತ್ತಮುತ್ತಲ ಗುಡ್ಡಗಳಲ್ಲಿ ದಲಿತ ಕುಟುಂಬಗಳಿಗೆ ಮನೆಯ ನಿವೇಶನ ದೊರಕಿಸಿಕೊಟ್ಟರು. ಮೊದಲ ಬಾರಿಗೆ ಆ ಕುಟುಂಬಗಳು ಯಾರ ದಣಿತನಕ್ಕೂ ಅಂಜದ ನೆಲದ ಮೇಲೆ ಒಲೆ ಹೂಡಿದವು. ಆ ಮನೆಗಳಿಂದ ಶಾಲೆಗೆ ಹೊರಟ ಮಗುವನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ.

ಮೂರನೆಯದು, ದೂರದ ಹಳ್ಳಿಗಳಿಂದ ಬರುವ, ಸಂಜೆ ಮರಳಿದರೆ ಮತ್ತೆ ಬರಲಾಗದ ಮಕ್ಕಳ ಪ್ರಶ್ನೆ. ಇವರಿಗಾಗಿ ಶೇಡಿಗುಡ್ಡೆಯಲ್ಲಿ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದರು. ಹುಡುಗಿಯರ ವಿದ್ಯಾಭ್ಯಾಸಕ್ಕೂ ಗಮನ ಕೊಟ್ಟರು. ಅಕ್ಷರ ಕಲಿತ ಹುಡುಗನಿಗೆ ಬದುಕುವ ದಾರಿ ತೋರದಿದ್ದರೆ ಮತ್ತೆ ಅವನು ಮೂಲದಾಳಾಗಿಯೇ ಸೇರುತ್ತಾನೆಂದು ಅರಿತು ನೇಯ್ಗೆ, ಮರಗೆಲಸಗಳ ಕೈಗಾರಿಕಾ ಶಿಕ್ಷಣವನ್ನು ಜೊತೆಗೂಡಿಸಿದರು. ಮಂಗಳೂರಿನ ಹೊರಗೆ ಮೂಲ್ಕಿ, ಉಡುಪಿಗಳ ಕಡೆಗೂ ಅವರ ಶಾಲೆಗಳು ಹಬ್ಬಿದವು. ಶಾಲೆ, ಊಟ, ನಿಲಯ, ನಿವೇಶನ, ಕಸುಬು ಎಂಬ ಈ ಐದನ್ನೂ ಒಂದೇ ಹಗ್ಗದ ಎಳೆಗಳಂತೆ ಹೊಸೆದುದರಲ್ಲೇ ರಂಗರಾಯರ ಹಿರಿಮೆಯಿದೆ. ಅಕ್ಷರದಾನ ಮಾಡಿದವರು ಹಲವರಿದ್ದಾರೆ. ಅಕ್ಷರ ಉಳಿಯಲು ಏನೇನು ಬೇಕೋ ಅದನ್ನೆಲ್ಲ ಕೂಡಿಸಿಕೊಟ್ಟವರು ಕೆಲವರೇ.

ಈ ಕಾರ್ಯದ ಸುದ್ದಿ ದೇಶದ ಉದ್ದಗಲಕ್ಕೆ ಹಬ್ಬಿತು. ರವೀಂದ್ರನಾಥ ಠಾಕೂರರು, ಅನ್ನಿ ಬೆಸೆಂಟರು, ದೀನಬಂಧು ಆಂಡ್ರೂಸರು ಮುಂತಾದವರು ಅವರ ಸಂಸ್ಥೆಯನ್ನು ಕಂಡು ಮೆಚ್ಚಿದರು. ಬ್ರಿಟಿಷ್ ಸರಕಾರ ರಾವ್ ಸಾಹೇಬ್ ಎಂಬ ಬಿರುದನ್ನಿತ್ತಿತು. ಬಹಿಷ್ಕರಿಸಿದ ಊರೇ ಗೌರವಿಸುವ ಕಾಲ ಬಂತು. ಅಷ್ಟರಲ್ಲಿ ಅವರ ತಲೆ ನರೆತಿತ್ತು.

ನುಡಿದಂತೆ ನಡೆದವರು

ಊರಿಗೆಲ್ಲ ಉಪದೇಶಿಸಿ ತನ್ನ ಮನೆಯಲ್ಲಿ ಹಳೆಯ ಕಟ್ಟುಗಳನ್ನು ಬಿಡದ ಸುಧಾರಕರು ಅಂದೂ ಇದ್ದರು, ಇಂದೂ ಇದ್ದಾರೆ. ರಂಗರಾಯರು ಆ ಸಾಲಿಗೆ ಸೇರಿದವರಲ್ಲ. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಕೊಡಿಸಿದರು. ಮಗಳು ರಾಧಾಬಾಯಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿಯೂ ಓದಿದರು. 1912ರಲ್ಲಿ ಅವರ ವಿವಾಹ ತಮಿಳುನಾಡಿನ ಕುಮಾರಮಂಗಲದ ಜಮೀನುದಾರರಾದ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಜಾತಿಯೂ ಬೇರೆ, ಭಾಷೆಯೂ ಬೇರೆ. ಅಂಥ ವಿವಾಹವನ್ನು ಅಂದು ಊಹಿಸುವುದೂ ಕಷ್ಟ. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಪ್ರಧಾನ ಮಂತ್ರಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್ಸಿಗೆ ಚುನಾಯಿತರಾದ ಮೊದಲ ಮಹಿಳೆ ಎಂಬ ಹಿರಿಮೆ ಅವರದಾಯಿತು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ, ಸಂಸತ್ ಸದಸ್ಯೆಯಾಗಿದ್ದ ಪಾರ್ವತಿ ಕೃಷ್ಣನ್ ಇವರೆಲ್ಲ ಕಾಸರಗೋಡಿನ ಈ ಅಜ್ಜನ ಮೊಮ್ಮಕ್ಕಳು.

ಮನೆತನದ ಏಳಿಗೆಯನ್ನು ಕಂಡು ಅವರು ಸುಖದಲ್ಲಿ ವಿಶ್ರಮಿಸಲಿಲ್ಲ. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ತಳೆದರು. 1928ರ ಜನವರಿ 30ರಂದು ದಿವಂಗತರಾದರು. ತಮ್ಮ ಅಂತ್ಯಸಂಸ್ಕಾರವನ್ನು ದಲಿತ ಬಾಂಧವರೇ ನಡೆಸಬೇಕೆಂದು ಅವರು ಮೊದಲೇ ತಿಳಿಸಿದ್ದರು. ಯಾರ ನೆರಳು ಸೋಕಬಾರದೆಂದು ಊರು ದೂರ ಇಟ್ಟಿತ್ತೋ ಅವರೇ ಹೆಗಲು ಕೊಟ್ಟು ಅವರ ಕೊನೆಯ ಕಾರ್ಯವನ್ನು ಮಾಡಿದರು. ಮಂಗಳೂರಿನ ಬ್ರಹ್ಮಸಮಾಜದ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಸ್ಥಾನಕ್ಕೇರಿ ಊರ ರಸ್ತೆಯಲ್ಲಿ ವಾಹನದಲ್ಲಿ ಸಾಗುವ ದಿನ ಬಂದು, ಆ ವಾಹನದಿಂದೆದ್ದ ಧೂಳು ತಮ್ಮ ತಲೆಯನ್ನು ಸೋಕಿದರೆ ಜನ್ಮ ಸಾರ್ಥಕವೆಂಬ ಹಂಬಲ ಅವರದಾಗಿತ್ತು. ಉಪಕಾರ ಮಾಡಿದವನು ಉಪಕೃತನ ಕಾಲಧೂಳಿಗಾಗಿ ಕಾಯುವುದು ಲೋಕದ ರೂಢಿಗೆ ವಿರುದ್ಧವಾದ ಮಾತು. ಆರು ವರ್ಷಗಳ ಅನಂತರ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಮಂಗಳೂರಿಗೆ ಬಂದು ಈ ಮಹನೀಯರು ಬೆಳೆಸಿದ ಕಾರ್ಯವನ್ನು ಕಂಡು ಗೌರವಿಸಿದರು.

ಇಂದಿನ ನಮ್ಮ ಪಾಲಿಗೆ

ರಂಗರಾಯರು ಒಬ್ಬೊಬ್ಬರಿಗಾಗಿ ಅರ್ಜಿ ಬರೆದು ದೊರಕಿಸಿದ್ದನ್ನು ಕಾಲಕ್ರಮದಲ್ಲಿ ಕಾನೂನು ಎಲ್ಲರಿಗೂ ಕೊಟ್ಟಿತು. ಕೇರಳದ ಭೂಸುಧಾರಣಾ ಕಾನೂನು 1970ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದು, ಅನ್ಯರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸಿನವರೆಗೆ ನೆಲದ ಹಕ್ಕನ್ನು ಕೊಟ್ಟಿತು. ನಮ್ಮ ಶಾಲೆ ಆರಂಭವಾದದ್ದು ಅದಾಗಿ ಕೆಲವೇ ವರ್ಷಗಳ ಮೇಲೆ. ಆ ಹತ್ತು ಸೆಂಟ್ಸಿನ ಮನೆಗಳಿಂದ ಬಂದ ಮಕ್ಕಳು ನಮ್ಮ ಮೊದಲ ತರಗತಿಗಳ ಬೆಂಚುಗಳಲ್ಲಿ ಕುಳಿತಿದ್ದರು. ಅವರಲ್ಲಿ ಹಲವರು ಇಂದು ಅಧ್ಯಾಪಕರಾಗಿ, ಬ್ಯಾಂಕು ನೌಕರರಾಗಿ, ದಾದಿಯರಾಗಿ, ಗಲ್ಫ್ ದೇಶಗಳಲ್ಲಿ ಉದ್ಯೋಗಿಗಳಾಗಿ ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿದ್ದಾರೆ. ಸ್ವಂತ ನೆಲಕ್ಕೂ ವಿದ್ಯೆಗೂ ಇರುವ ನಂಟಿಗೆ ಬೇರೆ ಪುರಾವೆ ಬೇಕಾಗಿಲ್ಲ.

ಆದರೆ ಸೂರಿಲ್ಲದ ಮಕ್ಕಳು ಇಲ್ಲವಾಗಲಿಲ್ಲ. ಬೇರೆ ರೂಪದಲ್ಲಿ ಬಂದರು. ನಾನು ಮುಖ್ಯೋಪಾಧ್ಯಾಯನಾಗಿದ್ದ ಕೊನೆಯ ವರ್ಷಗಳಲ್ಲಿ ಉತ್ತರ ಕರ್ನಾಟಕದಿಂದ ಮುರಕಲ್ಲಿನ ಕೋರೆಗೆ ದುಡಿಯಲು ಬಂದ ಕುಟುಂಬಗಳು ಸಮೀಪದ ಗುಡ್ಡದಲ್ಲಿ ಟಾರ್ಪಾಲಿನ ಕೆಳಗೆ ವಾಸವಾಗಿದ್ದವು. ಅವರ ಮನೆಮಾತು ಕನ್ನಡ. ಮಕ್ಕಳು ಶಾಲೆಯ ಬಾವಿಯಿಂದ ನೀರು ಒಯ್ಯಲು ಬಂದು, ಕೊಡ ಕೆಳಗಿಟ್ಟು, ಕಿಟಕಿಯ ಬಳಿ ನಿಂತು ಪಾಠ ಕೇಳುತ್ತಿದ್ದರು. ಸೇರಿಸಿಕೊಳ್ಳೋಣವೆಂದರೆ ಜನನ ಪ್ರಮಾಣಪತ್ರವಿಲ್ಲ, ಹಿಂದಿನ ಶಾಲೆಯ ವರ್ಗಾವಣೆ ಪತ್ರವಿಲ್ಲ, ಇಲ್ಲಿನ ರೇಷನ್ ಕಾರ್ಡಿಲ್ಲ, ಬರೆಯಲು ಮನೆ ನಂಬ್ರವಿಲ್ಲ. ಎಂಟು ವರ್ಷದ ಹುಡುಗಿಯನ್ನು ಒಂದನೆಯ ತರಗತಿಯಲ್ಲಿ ಕೂರಿಸುವುದೋ ಮೂರನೆಯದರಲ್ಲೋ ಎಂಬ ಸಮಸ್ಯೆ ಬೇರೆ. ತಂದೆತಾಯಿಗಳ ಹೇಳಿಕೆ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿ, ಮೂವರು ಮಕ್ಕಳನ್ನು ಸೇರಿಸಿಕೊಂಡೆ. ವಿಳಾಸದ ಕಾಲಮಿನ ಬಗೆಗೆ ಮೇಲಿನ ಕಚೇರಿಯೊಂದರಿಂದ ವಿವರಣೆ ಕೇಳಿ ಎರಡು ಬಾರಿ ಪತ್ರ ಬಂತು. ಎರಡು ಬಾರಿಯೂ ಇದ್ದುದನ್ನು ಇದ್ದಂತೆ ಬರೆದು ಉತ್ತರ ಕಳುಹಿಸಿದೆ. ಮೂರನೆಯ ಪತ್ರ ಬರಲಿಲ್ಲ. ಆ ಹುಡುಗಿ ಎರಡು ವರ್ಷಗಳಲ್ಲಿ ಓದಲೂ ಬರೆಯಲೂ ಲೆಕ್ಕ ಮಾಡಲೂ ಕಲಿತಳು. ಮಳೆಗಾಲದಲ್ಲಿ ಕೋರೆ ನಿಂತಾಗ ಅವರು ಬೇರೆ ಊರಿಗೆ ಹೋದರು. ಮುಂದೆ ಅವಳಿಗೆ ಯಾವ ಶಾಲೆ ಬಾಗಿಲು ತೆರೆಯಿತೋ ತಿಳಿಯದು.

ಆಗ ಅಧ್ಯಾಪಕನಿಗೆ ಆಧಾರವಾಗಿ ನಿಲ್ಲುವ ಕಾನೂನು ಇರಲಿಲ್ಲ. ಈಗ ಇದೆ. 2002ರ ಸಂವಿಧಾನ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿದ್ಯಾಭ್ಯಾಸ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು ಅದು ವಿಧಿಸುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡಮಾಡುವಂತಿಲ್ಲ. ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಈ ಮೂರು ವಿಧಿಗಳನ್ನು ಓದುವಾಗಲೆಲ್ಲ ಕಿಟಕಿಯ ಬಳಿಯ ಆ ಮಕ್ಕಳು ನನ್ನ ಕಣ್ಣಮುಂದೆ ಬರುತ್ತಾರೆ. ಆದರೆ 1892ರ ಆಜ್ಞೆಗೆ ಒಬ್ಬ ರಂಗರಾಯರು ಬೇಕಾದಂತೆ 2009ರ ಕಾಯಿದೆಗೂ ಊರೂರಿನಲ್ಲಿ ಯಾರಾದರೂ ಬೇಕು. ಟಾರ್ಪಾಲಿನ ಕೆಳಗಿನ ತಂದೆತಾಯಿಗಳಿಗೆ ಈ ಕಾಯಿದೆ ಇದೆಯೆಂದು ಹೇಳುವವರು ಯಾರು? ಗಿಡ್ಡನೆಯ ಬಾಗಿಲಿನಲ್ಲಿ ಬಗ್ಗಿ ಒಳಗೆ ನೋಡಿ, ಶಾಲೆಗೆ ಹೋಗದ ಮಗು ಎಷ್ಟಿದೆಯೆಂದು ಎಣಿಸುವವರು ಯಾರು?

ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂದು ಪ್ರತಿ ಸಭೆಯಲ್ಲೂ ಕೇಳುತ್ತೇವೆ. ಅದು ಆತಂಕದ ವಿಷಯವೇ. ಆದರೆ ಸಂಖ್ಯೆ ತುಂಬಿಸಿಕೊಳ್ಳಲು ಈ ಮಕ್ಕಳನ್ನು ಕರೆತರಬೇಕೆಂದು ನಾನು ಹೇಳುವುದಿಲ್ಲ. ಅದು ಆ ಮಕ್ಕಳಿಗೆ ಮಾಡುವ ಅವಮಾನ. ಅವರು ಬರಬೇಕಾದುದು ಅದು ಅವರ ಹಕ್ಕೆಂಬ ಕಾರಣಕ್ಕೆ. ಅದರಲ್ಲೂ ಕನ್ನಡ ಮಾತಾಡುವ ಮಗು ಗಡಿಯ ಈಚೆ ಬಂದು ಅರ್ಥವಾಗದ ಭಾಷೆಯ ನಡುವೆ ಮೂಕವಾಗಿ ಕುಳಿತುಕೊಳ್ಳುವ ಬದಲು, ತನ್ನ ತಾಯಿಯ ಮಾತಿನಲ್ಲಿ ಅಕ್ಷರ ಕಲಿಯಲು ನಮ್ಮಂಥ ಶಾಲೆಯಲ್ಲದೆ ಬೇರೆ ಎಲ್ಲಿಗೆ ಹೋಗಬೇಕು? ಗಡಿನಾಡಿನ ಕನ್ನಡ ಶಾಲೆಗೆ ಇದಕ್ಕಿಂತ ದೊಡ್ಡ ಕರ್ತವ್ಯ ಇನ್ನೊಂದಿಲ್ಲ.

ಹಳೆ ವಿದ್ಯಾರ್ಥಿ ಬಂಧುಗಳಲ್ಲಿ ಈ ಸಂದರ್ಭದಲ್ಲಿ ನಾಲ್ಕು ವಿನಂತಿಗಳನ್ನು ಮುಂದಿಡುತ್ತೇನೆ. ನಿಮ್ಮ ಆಸುಪಾಸಿನಲ್ಲಿ ಕೋರೆಗೋ ಕಟ್ಟಡದ ಕೆಲಸಕ್ಕೋ ಹೊಸ ಕುಟುಂಬ ಬಂದಿಳಿದರೆ ಆ ವಾರದೊಳಗೆ ಶಾಲೆಗೆ ತಿಳಿಸಿ. ಪ್ರವೇಶದ ದಿನ ಆ ತಂದೆತಾಯಿಗಳ ಜೊತೆ ನಿಮ್ಮಲ್ಲೊಬ್ಬರು ಶಾಲೆಯವರೆಗೆ ನಡೆದು ಬನ್ನಿ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಒಂದು ಪಾಲನ್ನು ಇಂಥ ಮಕ್ಕಳ ಸಮವಸ್ತ್ರ, ಕೊಡೆ, ಪುಸ್ತಕ ಮತ್ತು ವಾಹನದ ವೆಚ್ಚಕ್ಕಾಗಿ ಪ್ರತ್ಯೇಕ ತೆಗೆದಿಡಿ. ಕುಟುಂಬ ಊರು ಬಿಡುವಾಗ ಮಗುವಿನ ಕೈಯಲ್ಲಿ ವರ್ಗಾವಣೆ ಪತ್ರವೂ ಮುಂದಿನ ಊರಿನ ಶಾಲೆಯ ಹೆಸರೂ ಇರುವಂತೆ ಶಾಲೆಯವರೊಂದಿಗೆ ಸೇರಿ ನೋಡಿಕೊಳ್ಳಿ. ಇವುಗಳಿಗೆ ದೊಡ್ಡ ಮೊತ್ತ ಬೇಕಾಗಿಲ್ಲ. ಮನಸ್ಸು ಬೇಕು, ಸ್ವಲ್ಪ ನಡಿಗೆ ಬೇಕು.

ರಂಗರಾಯರ ಹೆಸರಿನಲ್ಲಿ ಭಾಷಣ ಮಾಡುವುದು ಸುಲಭ. ಅವರ ಜನ್ಮಭೂಮಿಯ ಶಾಲೆಯೊಂದರಲ್ಲಿ ವಿಳಾಸವಿಲ್ಲದ ಒಂದು ಮಗು ಉಳಿದ ಮಕ್ಕಳ ಸಾಲಿನಲ್ಲಿ ತಲೆಯೆತ್ತಿ ಕುಳಿತು ಪಾಠ ಕೇಳಿದರೆ ಅದೇ ಅವರಿಗೆ ನಾವು ಸಲ್ಲಿಸುವ ಪೂಜೆ. ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ; ಅಂದಿನ ಸಂಚಿಕೆಗೆ ಅಂಥದೊಂದು ಮಗು ಬೆಳೆದು ಲೇಖನ ಬರೆಯಲಿ ಎಂದು ಹಾರೈಸುತ್ತೇನೆ.